ನೀರು ಇಳಿದ ಮೇಲೆ ಹಳೆಯ ಮುಂಬಯಿ

2021ರ ಮೇ 17, ಸೋಮವಾರ. ಮುಂಬಯಿಯ ಕನ್ನಡಿಗರ ಮನೆಗಳಿಗೆ ಅಂದು ಊರಿನಿಂದ ಫೋನ್ ಮೇಲೆ ಫೋನ್. ಅದಕ್ಕಿಂತ ಎರಡು ದಿನ ಮೊದಲು ಫೋನ್ ಹೋಗಿದ್ದು ಇಲ್ಲಿಂದ ಅಲ್ಲಿಗೆ. ಕಡಲು ಹೇಗಿದೆ, ಮನೆಯ ಹೆಂಚು ಹಾರಿದೆಯೇ, ತೋಟದ ಅಡಿಕೆ ಮರಗಳು ನಿಂತಿವೆಯೇ ಎಂದು ಕೇಳಿದವರಿಗೇ ಈಗ ಅದೇ ಪ್ರಶ್ನೆಗಳು ತಿರುಗಿ ಬಂದಿದ್ದವು. ಅರಬ್ಬೀ ಸಮುದ್ರದಲ್ಲಿ ಎದ್ದ ತೌಕ್ತೆ ಚಂಡಮಾರುತ ಜನ್ಮಭೂಮಿಯನ್ನು ಸವರಿಕೊಂಡು ಕರ್ಮಭೂಮಿಯ ಬಾಗಿಲಿಗೆ ಬಂದಿತ್ತು. ಉಳ್ಳಾಲ, ಪಡುಬಿದ್ರಿ, ಮರವಂತೆಗಳಲ್ಲಿ ಅಲೆಗಳು ದಂಡೆಯನ್ನು ಕೊರೆದಿದ್ದವು. ಮೂಲ್ಕಿಯ ಆಚೆ ಕಡಲ ಬಂಡೆಗಳ ನಡುವೆ ಸಿಕ್ಕಿಬಿದ್ದ ಟಗ್ಗಿನ ಸಿಬ್ಬಂದಿಯನ್ನು ಹೆಲಿಕಾಪ್ಟರ್ ತರಿಸಿ ಮೇಲೆತ್ತಬೇಕಾಯಿತು.

ಮುಂಬಯಿಗೆ ಅದು ನೇರವಾಗಿ ಬಡಿಯಲಿಲ್ಲ. ನೂರಕ್ಕೂ ಹೆಚ್ಚು ಕಿಲೋಮೀಟರ್ ಪಶ್ಚಿಮಕ್ಕೆ ಸರಿದು ಗುಜರಾತಿನತ್ತ ಹೋಯಿತು. ಅಷ್ಟು ದೂರದಿಂದಲೇ ಕೊಲಾಬಾದಲ್ಲಿ ಗಂಟೆಗೆ 114 ಕಿಲೋಮೀಟರ್ ವೇಗದ ಗಾಳಿ ಬೀಸಿತು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 230 ಮಿಲಿಮೀಟರ್ ಮಳೆ ಸುರಿಯಿತು. ಗೇಟ್‌ವೇ ಆಫ್ ಇಂಡಿಯಾದ ತಡೆಗೋಡೆಯ ಕಲ್ಲುಗಳು ಕಿತ್ತುಹೋದವು. ನಗರ ವರ್ಷವಿಡೀ ಕಡಲಿಗೆ ಸುರಿದ ಕಸವನ್ನು ಕಡಲು ಅದೇ ಅಂಗಳಕ್ಕೆ ತಂದು ರಾಶಿ ಹಾಕಿತು. ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಎಲ್ಲಕ್ಕಿಂತ ದೊಡ್ಡ ದುರಂತ ನಡೆದದ್ದು ದಡದಲ್ಲಲ್ಲ, ಬಾಂಬೆ ಹೈ ತೈಲಕ್ಷೇತ್ರದ ಬಳಿ. ಅಲ್ಲಿ ಪಿ-305 ಬಾರ್ಜ್ ಮುಳುಗಿ 70ಕ್ಕೂ ಹೆಚ್ಚು ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಗಾಳಿ ನಿಂತು, ನೀರು ಇಳಿದು, ಮೂರನೆಯ ದಿನ ಲೋಕಲ್ ರೈಲು ಎಂದಿನಂತೆ ಓಡತೊಡಗಿದರೆ ಈ ನಗರ ಎಲ್ಲವನ್ನೂ ಮರೆಯುತ್ತದೆ. ಮುಂಬಯಿಯ ಛಲ ಎಂದು ಪತ್ರಿಕೆಗಳು ಬರೆಯುತ್ತವೆ. ಆದರೆ ಕೋಟೆ, ಗಿರ್ಗಾಂವ್, ಗಾಮ್‌ದೇವಿ, ತಾರ್‌ದೇವ್, ದಾದರ್, ಮಾಟುಂಗದಂಥ ಹಳೆಯ ಬಡಾವಣೆಗಳಿಗೆ ಬಿರುಗಾಳಿಯ ಲೆಕ್ಕ ಮೂರು ದಿನಕ್ಕೆ ಮುಗಿಯುವುದಿಲ್ಲ. ಅಲ್ಲಿ ನೆನೆದ ಗೋಡೆ ಎರಡು ದಿನ ಬಿಟ್ಟು ಬೀಳಬಹುದು, ಎರಡು ವರ್ಷ ಬಿಟ್ಟೂ ಬೀಳಬಹುದು. ಕಟ್ಟಡ ನಿಂತಿದ್ದರೂ ಅದರೊಳಗಿನ ಜನ ಹೊರಟುಹೋಗಿರಬಹುದು. ತುಳು-ಕನ್ನಡಿಗರು ಈ ಮಹಾನಗರದಲ್ಲಿ ಮೊದಲು ಕಾಲೂರಿದ್ದೇ ಈ ಕೇರಿಗಳಲ್ಲಿ. ಆದ್ದರಿಂದ ಇದು ನಮ್ಮ ಸಂಘ-ಸಂಸ್ಥೆಗಳ ಮನೆಯ ಸುದ್ದಿಯೂ ಹೌದು.

ಜುಲೈ 26ರ ಭ್ರಮೆ

ಮಳೆ ಎಂದರೆ ಮುಂಬಯಿಗರಿಗೆ ನೆನಪಾಗುವುದು 2005ರ ಜುಲೈ 26. ಸಾಂತಾಕ್ರೂಜ್‌ನ ಮಳೆಮಾಪಕದಲ್ಲಿ 24 ಗಂಟೆಗಳಲ್ಲಿ ದಾಖಲಾದದ್ದು 944 ಮಿಲಿಮೀಟರ್. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾ, ಬಾಂದ್ರಾ ಪೂರ್ವದ ವಸತಿಗಳು ಮುಳುಗಿದವು. ಸಾಕಿನಾಕಾದಲ್ಲಿ ಗುಡ್ಡ ಕುಸಿದು ಹತ್ತಾರು ಮಂದಿ ಮಣ್ಣಿನಡಿ ಸಿಲುಕಿ ಸತ್ತರು. ಇಡೀ ಮಹಾರಾಷ್ಟ್ರದಲ್ಲಿ ಆ ಮಳೆಗೆ ಬಲಿಯಾದವರು ಸಾವಿರಕ್ಕೂ ಹೆಚ್ಚು. ವಿಶ್ವವಿದ್ಯಾಲಯದ ಕನ್ನಡ ವಿಭಾಗವಿರುವ ಕಲೀನಾ, ಬಂಟರ ಸಂಘವಿರುವ ಕುರ್ಲಾ, ಬಿಲ್ಲವ ಭವನವಿರುವ ಸಾಂತಾಕ್ರೂಜ್ ಪೂರ್ವ, ಹೀಗೆ ನಮ್ಮವರ ಓಡಾಟದ ಉಪನಗರಗಳೇ ಆ ದಿನ ಹೆಚ್ಚು ನರಳಿದವು. ಆ ರಾತ್ರಿ ಹೋಟೆಲು, ಶಾಲೆ, ಮಂದಿರ, ಮಸೀದಿ, ಗುರುದ್ವಾರಗಳೆಲ್ಲ ಬಾಗಿಲು ತೆರೆದು, ರೈಲು ನಿಂತು ನಡುದಾರಿಯಲ್ಲಿ ಉಳಿದವರಿಗೆ ಚಹಾ, ಊಟ, ಮಲಗಲು ಜಾಗ ಕೊಟ್ಟದ್ದನ್ನು ಆಗ ಇಲ್ಲಿದ್ದವರು ಇಂದಿಗೂ ಹೇಳುತ್ತಾರೆ.

ಆದರೆ ಅದೇ 24 ಗಂಟೆಗಳಲ್ಲಿ ಕೊಲಾಬಾದಲ್ಲಿ ಬಿದ್ದ ಮಳೆ ಎಷ್ಟು? ಕೇವಲ 73 ಮಿಲಿಮೀಟರ್. ದಕ್ಷಿಣ ಮುಂಬಯಿಯ ಕಚೇರಿಗಳಲ್ಲಿ ಕುಳಿತಿದ್ದ ಅನೇಕರಿಗೆ ಮನೆಗೆ ಹೊರಟು ರೈಲು ನಿಂತಾಗಲಷ್ಟೇ ಸಂಗತಿ ತಿಳಿಯಿತು. ಇದರಿಂದ ಒಂದು ನಂಬಿಕೆ ಗಟ್ಟಿಯಾಯಿತು. ಹಳೆಯ ನಗರವನ್ನು ಕಟ್ಟಿದವರು ಬುದ್ಧಿವಂತರು, ನೀರು ನಿಲ್ಲುವುದು ಉಪನಗರದಲ್ಲಿ, ನಮ್ಮಲ್ಲಲ್ಲ ಎಂಬ ನಂಬಿಕೆ. ಅರ್ಧ ಸತ್ಯ ಇದು. ಅಂದು ಹಳೆಯ ನಗರವನ್ನು ಕಾಪಾಡಿದ್ದು ಅದರ ಗಟಾರಗಳೂ ಅಲ್ಲ, ಎತ್ತರವೂ ಅಲ್ಲ. ಮೋಡ ಅಲ್ಲಿ ಒಡೆಯಲಿಲ್ಲ, ಅಷ್ಟೇ.

ಮೋಡ ಅಲ್ಲಿಯೇ ಒಡೆದ ದಿನವೂ ಬಂತು. 2020ರ ಆಗಸ್ಟ್ 5ರಂದು ಗಂಟೆಗೆ ನೂರು ಕಿಲೋಮೀಟರ್ ಮೀರಿದ ಗಾಳಿಯೊಂದಿಗೆ ದಕ್ಷಿಣ ಮುಂಬಯಿಯ ಮೇಲೆ ಮಳೆ ಮುಗಿಬಿದ್ದಿತು. ಮರುದಿನ ಬೆಳಗ್ಗಿನ ಹೊತ್ತಿಗೆ ಕೊಲಾಬಾದ ಲೆಕ್ಕ 331.8 ಮಿಲಿಮೀಟರ್ ಮುಟ್ಟಿತ್ತು. ಗಿರ್ಗಾಂವ್ ಚೌಪಾಟಿ, ಬಾಬುಲ್‌ನಾಥ್, ನಾನಾ ಚೌಕ್, ಮರೀನ್ ಡ್ರೈವ್ ಎಲ್ಲೆಲ್ಲೂ ನೀರು. ಜೆ.ಜೆ. ಆಸ್ಪತ್ರೆಯೊಳಗೂ ನೀರು ನುಗ್ಗಿತು. ಮಲಬಾರ್ ಹಿಲ್‌ನ ಇಳಿಜಾರಿನ ಗೋಡೆ ಮಣ್ಣು-ಮರಗಳ ಸಮೇತ ರಸ್ತೆಗೆ ಜಾರಿತು. ಅಲ್ಲೇ ಹುಟ್ಟಿ ಬೆಳೆದು ಹಣ್ಣಾದ ಹಿರಿಯರೂ ಇಂಥದ್ದನ್ನು ಕಂಡಿರಲಿಲ್ಲ.

ಇಲ್ಲಿ ಒಂದು ಮಾತು. 1882ರಲ್ಲಿ ಮುಂಬಯಿಯನ್ನು ಮಹಾ ಚಂಡಮಾರುತ ಅಪ್ಪಳಿಸಿ ಒಂದು ಲಕ್ಷ ಜನ ಸತ್ತರೆಂಬ ಮಾಹಿತಿ ಅನೇಕ ಪುಸ್ತಕಗಳಲ್ಲಿದೆ, ಪ್ರತಿ ಮಳೆಗಾಲದಲ್ಲೂ ಯಾರಾದರೊಬ್ಬರು ಅದನ್ನು ಉದ್ಧರಿಸುತ್ತಾರೆ. ಸಂಶೋಧಕರು ಹುಡುಕಿದಾಗ ಅಂದಿನ ಪತ್ರಿಕೆಗಳಲ್ಲಾಗಲಿ ಹವಾಮಾನ ದಾಖಲೆಗಳಲ್ಲಾಗಲಿ ಅಂಥ ಘಟನೆಯ ಸುಳಿವೇ ಸಿಗಲಿಲ್ಲ. ನಡೆದದ್ದೇ ಸಾಕಷ್ಟಿರುವಾಗ ನಡೆಯದ್ದನ್ನು ಸೇರಿಸುವ ಅಗತ್ಯವಿಲ್ಲ.

ಏಳು ದ್ವೀಪಗಳ ನಡುವಿನ ತಗ್ಗು

ಮುಂಬಯಿ ಏಳು ದ್ವೀಪಗಳನ್ನು ಜೋಡಿಸಿ ಕಟ್ಟಿದ ನಗರವೆಂಬುದು ಶಾಲೆಯ ಪಾಠ. ನೀರು ಮಾತ್ರ ಆ ಪಾಠವನ್ನು ಮರೆತಿಲ್ಲ. 18ನೇ ಶತಮಾನದ ಕೊನೆಯಲ್ಲಿ ಗವರ್ನರ್ ಹಾರ್ನ್‌ಬಿ ಕಟ್ಟಿಸಿದ ಒಡ್ಡು ವರ್ಲಿ ಮತ್ತು ಮುಂಬಯಿ ದ್ವೀಪಗಳ ನಡುವೆ ಕಡಲು ಒಳನುಗ್ಗುವುದನ್ನು ತಡೆಯಿತು. ಒಡ್ಡಿನ ಹಿಂದೆ ಒಣಗಿ ನಿಂತ ಕೆಸರು ಬಯಲೇ ಮುಂದೆ ಮಹಾಲಕ್ಷ್ಮಿ, ತಾರ್‌ದೇವ್, ಕಾಮಾಠಿಪುರ, ಬೈಕಲಾಗಳಾಯಿತು. ಅಂದು ಕಡಲಿದ್ದಲ್ಲಿ ಇಂದು ಜನರಿದ್ದಾರೆ. ಮಳೆ ಮತ್ತು ಉಬ್ಬರ ಒಟ್ಟಿಗೆ ಬಂದ ದಿನ ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ಬರುತ್ತದೆ.

ಗಟಾರಗಳ ಕಥೆ ಬೇರೆ. ನೂರು ವರ್ಷಕ್ಕೂ ಹಿಂದಿನ ಆ ಕಾಲುವೆಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕಕ್ಕೆ, ಅದೂ ಕಡಲು ಇಳಿತದಲ್ಲಿರುವ ಹೊತ್ತಿಗೆ ಕಟ್ಟಲಾಗಿತ್ತು. ಉಬ್ಬರ ಬಂದರೆ ಗಟಾರದ ಬಾಯಿ ಕಡಲ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ, ನೀರು ಹೊರಗೆ ಹೋಗುವ ಬದಲು ಒಳಗೆ ಬರುತ್ತದೆ. ಇದನ್ನು ಎರಡು ಪಟ್ಟು ಸಾಮರ್ಥ್ಯಕ್ಕೆ ಏರಿಸಬೇಕೆಂಬ ಬ್ರಿಮ್‌ಸ್ಟೊವಾಡ್ ವರದಿ 1993ರಲ್ಲೇ ಸಿದ್ಧವಾಗಿತ್ತು. ಕೆಲಸ ಚುರುಕಾಗಲು 2005ರ ಸಾವುಗಳು ಬೇಕಾದವು. ಬಳಿಕ ಹಾಜಿ ಅಲಿ, ವರ್ಲಿಯ ಲವ್ ಗ್ರೋವ್ ಮತ್ತು ಕ್ಲೀವ್‌ಲ್ಯಾಂಡ್ ಬಂದರ್, ರೇ ರೋಡ್ ಬಳಿಯ ಬ್ರಿಟಾನಿಯಾ ಮುಂತಾದೆಡೆ ನೀರೆತ್ತುವ ಪಂಪಿಂಗ್ ಕೇಂದ್ರಗಳು ಬಂದವು.

ಇದೇ ತಗ್ಗಿನ ಅಂಚಿನಲ್ಲಿ, ನಾನಾ ಚೌಕಿನ ಆಚೀಚೆ, ಕನ್ನಡ ಕರಾವಳಿಯಿಂದ ಬಂದವರ ಎರಡು ಐತಿಹಾಸಿಕ ನೆಲೆಗಳಿವೆ. ಒಂದು ಗಾಮ್‌ದೇವಿಯ ಸಾರಸ್ವತ ಕಾಲನಿ. ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಂದ ಬಂದ ಚಿತ್ರಾಪುರ ಸಾರಸ್ವತ ಕುಟುಂಬಗಳಿಗಾಗಿ ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಲಮಕಿ ಅವರ ಮುಂದಾಳತ್ವದಲ್ಲಿ 1915ರಲ್ಲಿ ಹುಟ್ಟಿದ ಸಹಕಾರಿ ಗೃಹನಿರ್ಮಾಣ ಸಂಘ ಅದು. 1906ರಲ್ಲಿ ಶಾಮರಾವ್ ವಿಠಲ ಅವರ ಹೆಸರಿನಲ್ಲಿ ಸಹಕಾರಿ ಬ್ಯಾಂಕನ್ನು ಆರಂಭಿಸಿದವರೂ ಇದೇ ತಲಮಕಿಯವರು. ಇನ್ನೊಂದು ಅವರ ಹೆಸರನ್ನೇ ಹೊತ್ತ ತಾರ್‌ದೇವ್‌ನ ತಲಮಕಿವಾಡಿ. 1911ರಲ್ಲಿ ಸ್ಥಾಪನೆಯಾದ ಕೆನರಾ ಸಾರಸ್ವತ ಅಸೋಸಿಯೇಶನ್ನಿನ ನೆಲೆ ಅದು.

ಈ ಎರಡು ಹೆಸರುಗಳನ್ನು ಇಲ್ಲಿ ಎತ್ತಿದ್ದು ಬರಿಯ ಅಭಿಮಾನಕ್ಕಲ್ಲ. ಸಹಕಾರಿ ಸಂಘದ ಕಟ್ಟಡಕ್ಕೂ ಅದರ ಪಕ್ಕದ ಬಾಡಿಗೆ ಚಾಳಿಗೂ ಒಂದೇ ಮಳೆ, ಒಂದೇ ಗಾಳಿ. ಆದರೆ ಸಂಘದ ಕಟ್ಟಡದಲ್ಲಿ ಸೋರಿದ ಮಾಡನ್ನು ಸರಿಪಡಿಸಬೇಕಾದವರು ಅಲ್ಲಿ ವಾಸಿಸುವವರೇ. ಸಭೆ ಕರೆಯುತ್ತಾರೆ, ಜಗಳವಾಡುತ್ತಾರೆ, ಕೊನೆಗೆ ತಲೆಗಿಷ್ಟು ಎಂದು ಹಣ ಹಾಕಿ ರಿಪೇರಿ ಮಾಡುತ್ತಾರೆ. ಚಾಳಿನಲ್ಲಿ ಮಾಲೀಕ ಯಾರು, ರಿಪೇರಿ ಯಾರು ಮಾಡಬೇಕು ಎಂಬುದೇ ಇತ್ಯರ್ಥವಾಗದೆ ಮುಂದಿನ ಮಳೆಗಾಲ ಬಂದುಬಿಡುತ್ತದೆ. ನೂರು ವರ್ಷದ ಹಿಂದೆ ತಲಮಕಿಯವರು ಬಾಡಿಗೆದಾರರನ್ನೇ ಪಾಲುದಾರರನ್ನಾಗಿ ಮಾಡಲು ಹೊರಟಾಗ ಅವರ ಮುಂದೆ ಚಂಡಮಾರುತದ ಚಿಂತೆ ಇರಲಿಕ್ಕಿಲ್ಲ. ಆದರೂ ಬಿರುಮಳೆಯ ನಂತರ ಉಪಯೋಗಕ್ಕೆ ಬರುವುದು ಆ ಏರ್ಪಾಡೇ.

ಮಾಟುಂಗ ಹುಟ್ಟಿದ್ದು ಇನ್ನೊಂದು ವಿಪತ್ತಿನಿಂದ. 1896ರ ಪ್ಲೇಗಿನ ನಂತರ ರಚನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟ್, ಗಾಳಿ-ಬೆಳಕಿಲ್ಲದ ಚಾಳುಗಳಿಂದ ಜನರನ್ನು ಹೊರತರಲೆಂದು ದಾದರ್-ಮಾಟುಂಗಗಳಲ್ಲಿ ಅಗಲ ರಸ್ತೆ, ಉದ್ಯಾನ, ಮೂರಂತಸ್ತಿನ ಮನೆಗಳ ಬಡಾವಣೆ ನಿರ್ಮಿಸಿತು. ದಕ್ಷಿಣದಿಂದ ಬಂದ ಗುಮಾಸ್ತರೂ ಹೋಟೆಲಿನವರೂ ಅಲ್ಲಿ ನೆಲೆ ನಿಂತರು. 1926ರ ಮೈಸೂರು ಅಸೋಸಿಯೇಶನ್, 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎರಡೂ ಈ ಬಡಾವಣೆಯ ಮಕ್ಕಳೇ. ಕಿಂಗ್ಸ್ ಸರ್ಕಲ್ ಬಳಿಯ ಗಾಂಧಿ ಮಾರ್ಕೆಟ್‌ನಲ್ಲಿ ಜೋರು ಮಳೆಗೆ ನೀರು ನಿಲ್ಲುವುದು ಹಳೆಯ ಸಂಗತಿ. ಪರೇಲಿನ ಹಿಂದ್‌ಮಾತಾದಲ್ಲಂತೂ ಅದೊಂದು ಗಾದೆಯಂತಾಗಿತ್ತು. ಅಲ್ಲಿನ ನೀರನ್ನು ಸೆಳೆದು ಹಿಡಿದಿಡಲು ದಾದರಿನ ಪ್ರಮೋದ್ ಮಹಾಜನ್ ಉದ್ಯಾನ ಮತ್ತು ಪರೇಲಿನ ಸೇಂಟ್ ಝೇವಿಯರ್ ಮೈದಾನದ ಅಡಿಯಲ್ಲಿ ಪಾಲಿಕೆ ಭಾರೀ ತೊಟ್ಟಿಗಳನ್ನು ಕಟ್ಟಿಸಿತು. ನೀರು ಈಗ ಬೇಗ ಇಳಿಯುತ್ತದೆ, ನಿಲ್ಲುವುದೇ ಇಲ್ಲವೆಂದಲ್ಲ.

ಗೋಡೆಯೊಳಗಿನ ಮಳೆ

ಹಳೆಯ ಕಟ್ಟಡ ಬಿರುಗಾಳಿಗೆ ಹೇಗೆ ಸೋಲುತ್ತದೆ? ಮೊದಲು ಹೋಗುವುದು ಮಾಡು. ಮುಂಬಯಿಯ ಚಾಳು, ವಾಡಿ, ಗೋದಾಮುಗಳ ಮೇಲೆ ಹೊದಿಸಿರುವುದು ನಮ್ಮೂರಿನ ಹೆಂಚೇ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚು ಹಡಗೇರಿ ಮುಂಬಯಿಗೆ ಬಂತು. ಹೆಂಚು ಊರಿನ ಜನರಿಗಿಂತ ಮೊದಲೇ ಇಲ್ಲಿ ಕೆಲಸ ಹಿಡಿದಿತ್ತು ಎಂದರೂ ಸಲ್ಲುತ್ತದೆ. ಒಂದಕ್ಕೊಂದು ಕೊಂಡಿಯಂತೆ ಕೂರುವ ಈ ಹೆಂಚು ಸಾಧಾರಣ ಮಳೆಗೆ ಹೆದರುವುದಲ್ಲ. ನೂರು ಕಿಲೋಮೀಟರ್ ವೇಗದ ಗಾಳಿ ಸೂರಿನ ಅಡಿಯಿಂದ ನುಗ್ಗಿದಾಗ ಮಾತ್ರ ಅಂಚಿನ ಒಂದು ಹೆಂಚು ಎದ್ದರೆ ಸಾಲು ಸಾಲೇ ಏಳುತ್ತದೆ. ಹಾರಿಹೋದ ಕಡೆ ತಾಡಪತ್ರಿ ಹೊದಿಸುತ್ತಾರೆ, ಅದರ ಮೇಲೆ ಇಟ್ಟಿಗೆ ಇಡುತ್ತಾರೆ. ತಾತ್ಕಾಲಿಕವೆಂದು ಹೊದಿಸಿದ ಆ ನೀಲಿ ತಾಡಪತ್ರಿ ಮೂರು ಮಳೆಗಾಲ ಅಲ್ಲೇ ಇರುತ್ತದೆ.

ಅಲ್ಲಿಂದ ನೀರು ಇಳಿಯುವುದು ಗೋಡೆಗೆ. ಕೋಟೆ, ಗಿರ್ಗಾಂವ್‌ಗಳ ಬಹುತೇಕ ಹಳೆಯ ಮನೆಗಳಲ್ಲಿ ಸಿಮೆಂಟಿಲ್ಲ. ಇಟ್ಟಿಗೆ, ಸುಣ್ಣದ ಗಾರೆ ಮತ್ತು ಬರ್ಮಾ ತೇಗದ ತೊಲೆ, ಇಷ್ಟೇ. ಸುಣ್ಣದ ಗೋಡೆ ಉಸಿರಾಡುತ್ತದೆ. ನೆನೆಯುತ್ತದೆ, ಮತ್ತೆ ಒಣಗುತ್ತದೆ. ಅದರ ಮೇಲೆ ರಿಪೇರಿಯ ಹೆಸರಿನಲ್ಲಿ ಸಿಮೆಂಟ್ ಬಳಿದರೆ ಒಳಹೊಕ್ಕ ನೀರಿಗೆ ಹೊರದಾರಿ ಇರುವುದಿಲ್ಲ. ಗೋಡೆಯೊಳಗೆ ಹೂತಿರುವ ತೊಲೆಯ ತುದಿ ಅಲ್ಲಿ ಕೊಳೆಯುತ್ತದೆ. ಕೋಣೆಯಲ್ಲಿ ನಿಂತು ನೋಡಿದವರಿಗೆ ಕಾಣುವುದು ತೊಲೆಯ ಗಟ್ಟಿ ನಡುಭಾಗ ಮಾತ್ರ. ಮರೀನ್ ಡ್ರೈವ್, ಮಾಟುಂಗ, ದಾದರಿನ ಕಾಂಕ್ರೀಟ್ ಮನೆಗಳ ರೋಗ ಬೇರೆ. ಉಪ್ಪುಗಾಳಿ ಒಳಗಿನ ಕಬ್ಬಿಣದ ಸರಳನ್ನು ತಿನ್ನುತ್ತದೆ, ತುಕ್ಕು ಉಬ್ಬಿ ಸಿಮೆಂಟನ್ನು ಒಡೆಯುತ್ತದೆ, ಬಾಲ್ಕನಿಯ ಅಡಿಭಾಗ ಹಲ್ಲೆಹಲ್ಲೆಯಾಗಿ ಉದುರುತ್ತದೆ.

ಹೀಗಾಗಿ ಮಳೆ ನಿಂತ ಮೇಲಿನ ದಿನಗಳೇ ಅಪಾಯದ ದಿನಗಳು. 2017ರ ಆಗಸ್ಟ್ 29ರಂದು ನಗರ ಮತ್ತೊಮ್ಮೆ ಮುಳುಗಿತು. ಎರಡೇ ದಿನದ ಬಳಿಕ, ಆಗಸ್ಟ್ 31ರ ಬೆಳಗ್ಗೆ ಭೇಂಡಿ ಬಜಾರಿನಲ್ಲಿ ನೂರು ವರ್ಷಕ್ಕೂ ಹಳೆಯದಾದ ಹುಸೈನಿ ಕಟ್ಟಡ ಕುಸಿದು 33 ಮಂದಿ ಸತ್ತರು. ಮಳೆಯೊಂದೇ ಕಾರಣವೆಂದು ಯಾರೂ ಹೇಳುವುದಿಲ್ಲ. ಆ ಕಟ್ಟಡವನ್ನು ಅಪಾಯಕಾರಿಯೆಂದು ಮೊದಲೇ ಗುರುತಿಸಲಾಗಿತ್ತು. 2020ರ ಜುಲೈ 16ರಂದು, ಮಳೆಯ ನಡುವೆ, ಕೋಟೆ ಪ್ರದೇಶದ ಪ್ರಧಾನ ಅಂಚೆ ಕಚೇರಿಯ ಸಮೀಪದ ಭಾನುಶಾಲಿ ಕಟ್ಟಡದ ಒಂದು ಪಾರ್ಶ್ವ ಕುಸಿದು 10 ಜೀವಗಳು ಹೋದವು. ನಮ್ಮ ಹೋಟೆಲ್ ಕಾರ್ಮಿಕರು, ಸಣ್ಣ ಅಂಗಡಿಯವರು ದಿನವೂ ಓಡಾಡುವ ಕೇರಿಗಳವು.

ಪಾರಂಪರಿಕ ಕಟ್ಟಡವೆಂಬ ಹಣೆಪಟ್ಟಿ ಇದ್ದ ಮಾತ್ರಕ್ಕೆ ರಕ್ಷೆ ಸಿಗುತ್ತದೆಯೇ? ಕಾಲಾಘೋಡಾದ ಎಸ್‌ಪ್ಲನೇಡ್ ಮ್ಯಾನ್ಶನ್ ನೋಡಿದರೆ ಹಾಗೆನಿಸುವುದಿಲ್ಲ. ಇಂಗ್ಲೆಂಡಿನಿಂದ ಕಬ್ಬಿಣದ ಚೌಕಟ್ಟು ತರಿಸಿ 1860ರ ದಶಕದಲ್ಲಿ ಕಟ್ಟಿದ ಈ ವಾಟ್ಸನ್ ಹೋಟೆಲಿನಲ್ಲೇ 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರ ಭಾರತದಲ್ಲಿ ಮೊದಲ ಬಾರಿಗೆ ತೆರೆಕಂಡಿತು. 2005ರಲ್ಲಿ ಅದರ ಮುಂಭಾಗದ ಬಾಲ್ಕನಿಗಳು ಕುಸಿದವು. 2019ರಲ್ಲಿ ಒಳಗಿದ್ದವರನ್ನೆಲ್ಲ ಹೊರಗೆ ಕಳುಹಿಸಲಾಯಿತು. ಕೋಟೆಯಿಂದ ಮರೀನ್ ಡ್ರೈವ್‌ವರೆಗಿನ ವಿಕ್ಟೋರಿಯನ್ ಹಾಗೂ ಆರ್ಟ್ ಡೆಕೊ ಕಟ್ಟಡಗಳಿಗೆ 2018ರಲ್ಲಿ ಯುನೆಸ್ಕೋ ಮಾನ್ಯತೆ ಬಂದಾಗ ಎಲ್ಲರೂ ಹೆಮ್ಮೆಪಟ್ಟರು. ಮಾನ್ಯತೆಯ ಪತ್ರ ಹೆಂಚು ಬದಲಿಸುವುದಿಲ್ಲ.

ತಗಡಿನ ಪೆಟ್ಟಿಗೆಯ ರಸೀದಿ

ಹಾಗಾದರೆ ಮಾಲೀಕರು ರಿಪೇರಿ ಏಕೆ ಮಾಡುವುದಿಲ್ಲ? ಹಳೆಯ ಪಗ್ಡಿ ಖೋಲಿಗಳಲ್ಲಿದ್ದವರಿಗೆ ಉತ್ತರ ಗೊತ್ತು. ಯುದ್ಧಕಾಲದಲ್ಲಿ ಬಿಗಿಯಾಗಿ, 1947ರ ಬಾಡಿಗೆ ಕಾನೂನಿನಿಂದ ಗಟ್ಟಿಯಾದ ಬಾಡಿಗೆ ದರ ದಶಕಗಳ ಕಾಲ ಅಲ್ಲಾಡಲಿಲ್ಲ. ಬಡವನಿಗೆ ಅದು ಆಸರೆಯಾಯಿತು. ಊರಿನಿಂದ ಬಂದು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಒಂದು ಖೋಲಿಯಲ್ಲಿ ಸಂಸಾರ ಹೂಡಿದವರು ಈ ನಗರದಲ್ಲಿ ನಿಲ್ಲಲು ಸಾಧ್ಯವಾದದ್ದು ಆ ಬಾಡಿಗೆಯಿಂದ. ಅದೇ ಬಾಡಿಗೆಯಲ್ಲಿ ಕಟ್ಟಡದ ಬಣ್ಣಕ್ಕೂ ಹಣ ಹುಟ್ಟುವುದಿಲ್ಲ ಎನ್ನುವ ಮಾಲೀಕರ ಮಾತೂ ಸುಳ್ಳಲ್ಲ. ಕಟ್ಟಡಗಳು ಬೀಳತೊಡಗಿದಾಗ 1969ರ ಕಾನೂನಿನಂತೆ ರಿಪೇರಿ ಮಂಡಳಿ ರಚಿಸಿ, ನಿವಾಸಿಗಳಿಂದ ಸೆಸ್ ವಸೂಲಿ ಮಾಡಿ ದುರಸ್ತಿ ಮಾಡುವ ವ್ಯವಸ್ಥೆ ಬಂತು. ಆರಂಭದಲ್ಲಿ ಇದರ ವ್ಯಾಪ್ತಿಗೆ ಬಂದ ಕಟ್ಟಡಗಳು 19,642. ಈಗ ಮ್ಹಾಡಾದ ಭಾಗವಾಗಿರುವ ಈ ಮಂಡಳಿ ಪ್ರತಿ ಮಳೆಗಾಲಕ್ಕೆ ಮುನ್ನ ಅತಿ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುತ್ತದೆ. ಪಟ್ಟಿಯಲ್ಲಿ ತಮ್ಮ ಕಟ್ಟಡದ ಹೆಸರಿದ್ದರೂ ಜನ ಮನೆ ಬಿಡಲು ಒಪ್ಪುವುದಿಲ್ಲ. ಇದನ್ನು ಹಠವೆಂದು ಬೈಯುವುದು ಸುಲಭ. ಒಮ್ಮೆ ಹೊರಟು ದೂರದ ಟ್ರಾನ್ಸಿಟ್ ಕ್ಯಾಂಪು ಸೇರಿದವರಲ್ಲಿ ದಶಕಗಳಾದರೂ ಮರಳದವರನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಕಟ್ಟಡ ಬಿದ್ದ ದಿನ ಅಥವಾ ತೆರವಾದ ದಿನ ಅಧಿಕಾರಿಗಳು ಕೇಳುವ ಪ್ರಶ್ನೆ ಒಂದೇ: ನೀವು ಇಲ್ಲಿಯವರೆಂಬುದಕ್ಕೆ ದಾಖಲೆ ಏನು? ಬಾಡಿಗೆ ರಸೀದಿ, ಲೈಟ್ ಬಿಲ್ಲು, ರೇಶನ್ ಕಾರ್ಡು, ಪಗ್ಡಿ ಕರಾರು. ಇವೆಲ್ಲ ಇರುವುದು ಮಂಚದಡಿಯ ತಗಡಿನ ಪೆಟ್ಟಿಗೆಯಲ್ಲಿ, ಅಂದರೆ ನೀರು ಮೊದಲು ಮುಟ್ಟುವ ಜಾಗದಲ್ಲಿ. ರಸೀದಿ ಇರುವುದು ತೀರಿಹೋದ ತಂದೆಯ ಅಥವಾ ದೊಡ್ಡಪ್ಪನ ಹೆಸರಿನಲ್ಲಿ. ಹೆಸರು ಬದಲಿಸಲು ಮಾಲೀಕ ಹಣ ಕೇಳಿದ, ನಾಳೆ ನೋಡೋಣವೆಂದು ಬಿಟ್ಟರು, ಅಣ್ಣತಮ್ಮಂದಿರಲ್ಲಿ ಮಾತು ಕೂಡಲಿಲ್ಲ. ಹೀಗೆ ಉಳಿದುಹೋದ ಕಾಗದ ಮನೆ ಕುಸಿದ ಮರುದಿನ ಕೊರಳಿಗೆ ಬರುತ್ತದೆ.

ಇದು ಮುಂಬಯಿಗಷ್ಟೇ ಸೀಮಿತವಾದ ಪಾಡಲ್ಲ. ನಮ್ಮ ಜುಲೈ 26ರ ಮಳೆಯಾಗಿ ತಿಂಗಳು ಕಳೆದ ಕೆಲವೇ ದಿನಗಳಲ್ಲಿ, 2005ರ ಆಗಸ್ಟ್ 29ರಂದು, ಅಮೆರಿಕದ ನ್ಯೂ ಓರ್ಲಿಯನ್ಸ್ ನಗರಕ್ಕೆ ಕತ್ರಿನಾ ಚಂಡಮಾರುತ ಬಡಿಯಿತು. ಒಡ್ಡುಗಳು ಒಡೆದು ನಗರದ ಶೇ. 80 ಭಾಗ ಮುಳುಗಿತು. ಮುಳುಗದೆ ಉಳಿದದ್ದು ನದಿದಂಡೆಯ ಎತ್ತರದಲ್ಲಿ ಮೊದಲಿಗರು ಕಟ್ಟಿಕೊಂಡಿದ್ದ ಫ್ರೆಂಚ್ ಕ್ವಾರ್ಟರ್ ಎಂಬ ಹಳೆಯ ಕೇರಿ. ಆಮೇಲೆ ಜೌಗು ಬತ್ತಿಸಿ ಬೆಳೆಸಿದ ಬಡಾವಣೆಗಳು ನೀರಿನಡಿಯಾದವು. ಸರ್ಕಾರ ಮನೆ ಕಟ್ಟಿಕೊಳ್ಳಲು ಪರಿಹಾರ ಘೋಷಿಸಿದಾಗ ಅಲ್ಲಿಯೂ ಕೇಳಿದ್ದು ಕಾಗದ. ತಲೆಮಾರುಗಳಿಂದ ಅಜ್ಜನ ಹೆಸರಿನಲ್ಲೇ ಇದ್ದ ಮನೆಗಳಲ್ಲಿ ವಾಸವಾಗಿದ್ದ ಸಾವಿರಾರು ಕುಟುಂಬಗಳಿಗೆ, ಹೆಚ್ಚಾಗಿ ಕಪ್ಪು ಜನರಿಗೆ, ತಮ್ಮದೇ ಮನೆಯ ಹಕ್ಕು ತೋರಿಸಲಾಗದೆ ಪರಿಹಾರ ಸಿಗಲಿಲ್ಲ ಅಥವಾ ತಡವಾಯಿತು. 2000ದ ಜನಗಣತಿಯಲ್ಲಿ ಸುಮಾರು 4.85 ಲಕ್ಷವಿದ್ದ ಆ ನಗರದ ಜನಸಂಖ್ಯೆ 2020ರಲ್ಲಿ 3.84 ಲಕ್ಷ. ಹಳೆಯ ಮರದ ಮನೆಗಳು ಅನೇಕ ಕಡೆ ದುರಸ್ತಿಗೊಂಡು ಚೆಂದವಾಗಿಯೇ ನಿಂತಿವೆ, ಒಳಗಿರುವವರು ಮಾತ್ರ ಬೇರೆ.

ಮುಂಬಯಿಯಲ್ಲಿ ಜನ ಬದಲಾಗುವುದು ಇನ್ನೂ ಸದ್ದಿಲ್ಲದೆ. ಪುನರಾಭಿವೃದ್ಧಿ ಯೋಜನೆಯಲ್ಲಿ ಹಳೆಯ ಬಾಡಿಗೆದಾರನಿಗೆ ಕನಿಷ್ಠ 300 ಚದರ ಅಡಿಯ ಸ್ವಂತ ಮನೆ ಸಿಗಬೇಕೆಂದು ನಿಯಮವಿದೆ. ನೂರು ಚದರ ಅಡಿಯ ಖೋಲಿಯಲ್ಲಿ ಬದುಕಿದವರಿಗೆ ಅದು ಸಣ್ಣ ವಿಷಯವಲ್ಲ, ಗೋಪುರ ಕಟ್ಟುವುದೇ ತಪ್ಪೆಂದು ದೂರುವವರು ಸಾರ್ವಜನಿಕ ಶೌಚಾಲಯದ ಮುಂದೆ ಬಕೆಟ್ ಹಿಡಿದು ಸರದಿ ನಿಂತವರಲ್ಲ. ಆದರೆ ಲಿಫ್ಟು, ಪಂಪು, ಕಾವಲಿನ ಮಾಸಿಕ ಖರ್ಚು ಹಳೆಯ ಬಾಡಿಗೆಯ ಎಷ್ಟೋ ಪಟ್ಟು. ನಿವೃತ್ತಿ ವೇತನದ ದಂಪತಿಗೆ ಅದು ಭಾರವಾಗಿ, ಮನೆ ಮಾರಿ ಡೊಂಬಿವಲಿಗೋ ಮೀರಾ ರೋಡಿಗೋ ವಸಾಯಿಗೋ ಮಕ್ಕಳ ಬಳಿಗೆ ಹೊರಡುತ್ತಾರೆ. ಅಲ್ಲಿಯಾದರೂ ನೀರಿನ ಕಾಟ ತಪ್ಪಿತೇ ಎಂದರೆ ಅದೂ ಇಲ್ಲ. 2018ರ ಜುಲೈಯಲ್ಲಿ ವಸಾಯಿ, ನಾಲಾಸೋಪಾರಾಗಳು ದಿನಗಟ್ಟಲೆ ನೀರಿನಲ್ಲಿ ನಿಂತಿದ್ದವು.

ಕನ್ನಡಿಗರು ಹೀಗೆ ಕೋಟೆಯಿಂದ ಹೊರಟದ್ದರ ಪರಿಣಾಮ ಕಾಣುವುದು ಸಂಘಗಳಲ್ಲಿ. ಒಂದು ಕಾಲದಲ್ಲಿ ಹೋಟೆಲ್ ಹುಡುಗರಿಂದ ತುಂಬಿರುತ್ತಿದ್ದ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಅದಕ್ಕೆ ಮಳೆ ಕಾರಣವಲ್ಲ. ಆದರೆ ಆ ಶಾಲೆಗಳ ಹಾಜರಿ ಪುಸ್ತಕ, ವಾರ್ಷಿಕ ವರದಿ, ನಾಟಕದ ಕರಪತ್ರ, ಕಪ್ಪು-ಬಿಳುಪು ಫೋಟೋಗಳು ಈಗ ಎಲ್ಲಿವೆ? ಯಾರದೋ ಮನೆಯ ಅಟ್ಟದಲ್ಲಿ, ಯಾವುದೋ ಸಂಘದ ನೆಲಮಹಡಿಯ ಕಪಾಟಿನಲ್ಲಿ. ಹಾಜರಿ ಪುಸ್ತಕದಲ್ಲಿರುವ ಹೆಸರುಗಳು ಬೇರೆಲ್ಲೂ ಬರೆದಿಟ್ಟಿಲ್ಲ.

ಗ್ರಂಥಪಾಲಕರೂ ದಾಖಲೆ ಸಂರಕ್ಷಕರೂ ಹೇಳುವ ಕೆಲವು ಸಂಗತಿಗಳು ಸಂಘದ ಪದಾಧಿಕಾರಿಗಳಿಗೆ ಉಪಯೋಗಕ್ಕೆ ಬಂದಾವು. ಒದ್ದೆ ಕಾಗದಕ್ಕೆ ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಮೊದಲ 48 ಗಂಟೆಗಳೇ ನಿರ್ಣಾಯಕ. ಒದ್ದೆ ಪುಸ್ತಕವನ್ನು ಬಿಸಿಲಿಗೆ ಹಾಕಬಾರದು, ಹಾಳೆ ಸುರುಟಿ ಒಡೆಯುತ್ತದೆ. ಫ್ಯಾನಿನ ಗಾಳಿಯಲ್ಲಿ, ಹಾಳೆಗಳ ನಡುವೆ ಬ್ಲಾಟಿಂಗ್ ಕಾಗದ ಇಟ್ಟು ಆರಿಸಬೇಕು. ಅಂಟಿಕೊಂಡ ಫೋಟೋಗಳನ್ನು ಒಣಗಿದ ಮೇಲೆ ಎಳೆದು ಬಿಡಿಸಲು ಹೋಗಬಾರದು, ಒದ್ದೆಯಿರುವಾಗಲೇ ಮೆಲ್ಲಗೆ ಬೇರ್ಪಡಿಸಬೇಕು. ಒಂದೇ ಬಾರಿಗೆ ಎಲ್ಲವನ್ನೂ ಒಣಗಿಸಲಾಗದಿದ್ದರೆ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡೀಪ್ ಫ್ರೀಜರಿನಲ್ಲಿಟ್ಟರೆ ಬೂಷ್ಟು ಬೆಳೆಯದು, ಮುಂದೆ ಪುರುಸೊತ್ತಿನಲ್ಲಿ ಒಣಗಿಸಬಹುದು. ಹೋಟೆಲ್ ಉದ್ಯಮಿಗಳೇ ತುಂಬಿರುವ ನಮ್ಮ ಸಂಘಗಳಿಗೆ ಡೀಪ್ ಫ್ರೀಜರಿಗೇನೂ ಬರವಿಲ್ಲ. ಎಲ್ಲಕ್ಕಿಂತ ಸುಲಭದ ಕೆಲಸವೆಂದರೆ ಮಳೆಗಾಲ ಬರುವ ಮೊದಲೇ ಮೊಬೈಲಿನಲ್ಲಿ ಪುಟ ಪುಟದ ಫೋಟೋ ತೆಗೆದಿಡುವುದು ಮತ್ತು ಕೆಳಗಿನ ಕಪಾಟಿನಲ್ಲಿದ್ದುದನ್ನು ಮೇಲಿನ ಕಪಾಟಿಗೆ ಏರಿಸುವುದು. ಮನೆಯ ಬಾಡಿಗೆ ರಸೀದಿಗೂ ಇದೇ ಉಪಾಯ.

ಕುಟುಂಬಗಳ ವಿಷಯದಲ್ಲಿ ಸಂಘಗಳು ಮಾಡಬಹುದಾದದ್ದು ಇನ್ನೂ ಇದೆ. ವಿದ್ಯಾರ್ಥಿವೇತನ, ಆರೋಗ್ಯ ಶಿಬಿರಗಳಿಗೆ ಸಂಘಗಳಲ್ಲಿ ಉಪಸಮಿತಿಗಳಿರುತ್ತವೆ. ಹಳೆಯ ಪಗ್ಡಿ ಮನೆಗಳಲ್ಲಿರುವ ಹಿರಿಯ ಸದಸ್ಯರ ರಸೀದಿ ಯಾರ ಹೆಸರಿನಲ್ಲಿದೆ, ವಾರಸುದಾರರ ಹೆಸರು ಏರಿದೆಯೇ, ಕಟ್ಟಡ ಅಪಾಯದ ಪಟ್ಟಿಯಲ್ಲಿದೆಯೇ ಎಂದು ಕೇಳಿ ತಿಳಿದುಕೊಳ್ಳಲು ಒಂದು ಸಮಿತಿ ಎಷ್ಟು ಸಂಘಗಳಲ್ಲಿದೆ? ವಕೀಲರಿಗೂ ಸಿವಿಲ್ ಇಂಜಿನಿಯರುಗಳಿಗೂ ನಮ್ಮಲ್ಲಿ ಕೊರತೆಯಿಲ್ಲ, ವಾರ್ಷಿಕೋತ್ಸವದ ವೇದಿಕೆಯಲ್ಲಿ ಅವರಿಗೆ ಶಾಲು ಹೊದಿಸುತ್ತಲೇ ಇದ್ದೇವೆ. ಧಾರಾವಿಯಲ್ಲೂ ಕಟ್ಟಡ ಕೆಲಸದ ನಾಕಾಗಳಲ್ಲೂ ಇರುವ ಕಲಬುರಗಿ, ಯಾದಗಿರಿ, ವಿಜಯಪುರದ ಕಾರ್ಮಿಕರ ಬಳಿ ರಸೀದಿಯೂ ಇರುವುದಿಲ್ಲ, ಅವರಲ್ಲಿ ಹೆಚ್ಚಿನವರು ಯಾವ ಸಂಘದ ಸದಸ್ಯರೂ ಅಲ್ಲ. ಮೀಠಿಯ ನೀರು ಏರಿದಾಗ ಮೊದಲು ಒದ್ದೆಯಾಗುವವರಲ್ಲಿ ಅವರೂ ಇದ್ದಾರೆ.

2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬಯಿಗೆ ಬಂದುಬಿಟ್ಟಿತು. ವಾಡಿಕೆಯ ದಿನ ಜೂನ್ 11. ಆ ತಿಂಗಳು ಕೊಲಾಬಾದಲ್ಲಿ ಬಿದ್ದ ಮಳೆ 439 ಮಿಲಿಮೀಟರ್. 1918ರಿಂದ ಮುರಿಯದೆ ಉಳಿದಿದ್ದ ಮೇ ತಿಂಗಳ ದಾಖಲೆ ಅಳಿಸಿಹೋಯಿತು. ಹೊಸದಾಗಿ ತೆರೆದಿದ್ದ ವರ್ಲಿಯ ಭೂಗತ ಮೆಟ್ರೋ ನಿಲ್ದಾಣಕ್ಕೂ ನೀರು ನುಗ್ಗಿತು. ಹೆಂಚು ತಿರುಗಿಸಿ, ತಾಡಪತ್ರಿ ಬಿಗಿದು, ತೊಲೆಗೆ ಆಸರೆ ಕೊಟ್ಟು ಮುಗಿಸಲು ಹಳೆಯ ಕೇರಿಗಳವರಿಗೆ ಜೂನ್ ಮೊದಲ ವಾರದವರೆಗೆ ಸಮಯವಿದೆಯೆಂಬುದು ತಲೆಮಾರುಗಳ ಲೆಕ್ಕವಾಗಿತ್ತು. ಆ ವರ್ಷ ಗಾರೆಯವರು ಏಣಿ ಇಡುವ ಮೊದಲೇ ಮಳೆ ಬಂದಿತ್ತು.